ಸಾಲಿನಲ್ಲಿ ಐದನೆಯವನು

ಆ ಬೆಳಿಗ್ಗೆ ಶಿರಸಿಯ ಮೇಲೆ ಕವಿದ ಕಾವಳ ಹತ್ತು ಗಂಟೆಯಾದರೂ ಏಳಲಿಲ್ಲ. ಕಾಲೇಜಿನ ಅಂಗಳದಲ್ಲಿ ಹತ್ತು ಮಾರು ಆಚೆ ನಿಂತವರ ಮುಖವೂ ಕಾಣದಷ್ಟು ಮಂಜು. ಹಾಗಾಗಿ ಗೇಟು ದಾಟಿ ಬಂದ ಅಪ್ಪನನ್ನು ಮಮತಾ ಗುರುತಿಸುವಾಗ ತಡವಾಗಿತ್ತು.

ಹಾಸ್ಟೆಲ್ ಸೀಟಿನ ಕಾಗದಕ್ಕೆ ತಂದೆಯ ಸಹಿ ಬೇಕಿತ್ತು. ಅಂದೇ ಕಡೆಯ ದಿನ. ಸಂಜೆ ಎಲ್ಲರೂ ಹೋದ ಮೇಲೆ ಬಾ ಎಂದು ಅವಳು ಫೋನಿನಲ್ಲಿ ಮೂರು ಸಲ ಹೇಳಿದ್ದಳು. ಆದರೆ ಅಪ್ಪ ಕೆರಿಯ, ಕಚೇರಿ ಕೆಲಸವೆಂದರೆ ಮೊದಲ ಬಸ್ಸಿಗೇ ಹೊರಡಬೇಕೆಂದು ನಂಬಿದವನು. ಚಳಿಗೆ ಕಂಬಳಿ ಹೊದ್ದಿದ್ದ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ. ಅಪ್ಪನಿಗೆ ಸಿದ್ದಾಪುರ ಪೇಟೆಯಲ್ಲಿ ಬಟ್ಟೆ ಅಂಗಡಿಯಿದೆ ಎಂದು ಮಮತಾ ಗೆಳತಿಯರಿಗೆ ಹೇಳಿ ಒಂದೂವರೆ ವರ್ಷವಾಗಿತ್ತು.

ಅಂದು ಕಾಲೇಜಿನ ಅಂಗಳದಲ್ಲೇ ‘ಹಳ್ಳಿ ಗುಗ್ಗು’ ವೇಷದ ಸ್ಪರ್ಧೆ. ಪೇಟೆಯ ನಾಲ್ಕು ಹುಡುಗರು ಹಲ್ಲಿಗೆ ಮಸಿ ಬಳಿದು, ಕಂಬಳಿ ಹೊದ್ದು, ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ವೇದಿಕೆಯ ಬದಿಗೆ ಸಾಲಾಗಿ ನಿಂತಿದ್ದರು. ಎಲ್ಲಿ ಹೋಗಬೇಕೆಂದು ತಿಳಿಯದೆ ಕಂಗಾಲಾಗಿದ್ದ ಕೆರಿಯನಿಗೆ ಅವರನ್ನು ಕಂಡು ಜೀವ ಬಂದಂತಾಯಿತು. ತನ್ನಂಥವರೇ; ಸಹಿಗೆ ಬಂದ ಅಪ್ಪಂದಿರಿರಬೇಕು. ಹೋಗಿ ಹಿಂದೆ ನಿಂತ. ಎಲೆಯಡಿಕೆ ಚೀಲ ಬಿಚ್ಚಿ ಮುಂದಿದ್ದವನಿಗೆ ಕವಳ ಬೇಕೇ ಎಂದೂ ಕೇಳಿದ.

ಮಮತಾ ಎದ್ದು ಹೋಗಿ ಕೈಹಿಡಿದು ಕರೆತಂದಿದ್ದರೆ ಮುಗಿಯುತ್ತಿತ್ತು. ಇಂಥ ಗಳಿಗೆಯನ್ನು ಕೈಗಿಟ್ಟು ದೇವರು ಸುಮ್ಮನೆ ನೋಡುತ್ತಿರುತ್ತಾನೆ.

“ಐದನೆಯವ್ನ ನೋಡೇ, ಪಕ್ಕಾ ಗಮಾರ,” ಎಂದಳು ಪಕ್ಕದಲ್ಲಿದ್ದ ಅನುಶ್ರೀ. “ಯಾವ ಕ್ಲಾಸಿನವ್ನೇ?”

“ಗೊತ್ತಿಲ್ಲ ಮಾರಾಯ್ತಿ,” ಎಂದಳು ಮಮತಾ.

ಕೆರಿಯನ ಸರದಿ ಬಂತು. ಮೈಕು ಹಿಡಿದಿದ್ದ ಹುಡುಗ ವಿಘ್ನೇಶ್ವರ ರಾಗ ಎಳೆದು, ಕಾಡಿನಿಂದ ಎಂತಕ್ಕೆ ಇಳಿದು ಬಂದೆ ಎಂದು ಕೇಳಿದ. ಕೆರಿಯ ಟೊಪ್ಪಿ ತೆಗೆದು ಕೈಮುಗಿದ.

“ಮಗಳ ಕಾಗದಕ್ಕೆ ಸಹಿ ಹಾಕ್ಬೇಕಿತ್ತು ಒಡೆಯಾ. ಓದೂಕೆ ಬರೂದಿಲ್ಲ. ಎಲ್ಲಿ ಅಂತ ತೋರ್ಸಿದ್ರೆ ಹಾಕ್ತೆ.”

ಸಭೆ ಬಿದ್ದು ಬಿದ್ದು ನಕ್ಕಿತು. ಮಗಳ ಹೆಸರು ಹೇಳಲೇಬೇಕು ಎಂದು ವಿಘ್ನೇಶ್ವರ ಕಾಡಿದ. ಕೆರಿಯ ಜನರತ್ತ ತಿರುಗಿ ಸಾಲು ಸಾಲಾಗಿ ಹುಡುಕಿದ. ಮೂರನೆಯ ಸಾಲಿನಲ್ಲಿ ಅವನ ಕಣ್ಣು ನಿಂತಿತು. ಮಮತಾಳ ಕೈಗಳು ಆಗ ಎಲ್ಲರ ಜೊತೆ ಚಪ್ಪಾಳೆ ತಟ್ಟುತ್ತಿದ್ದವು. ಬಾಯಿ ನಗುತ್ತಿತ್ತು, ಅನುಶ್ರೀ ನೋಡುತ್ತಿದ್ದಳಲ್ಲ.

“ಮರ್ತೇ ಹೋಯ್ತು,” ಎಂದ ಕೆರಿಯ.

ಅದಕ್ಕೆ ಇನ್ನೂ ದೊಡ್ಡ ನಗು. ಮಾತು, ನಡೆ, ಹೆದರಿಕೆ ಎಲ್ಲವೂ ಸಹಜವಾಗಿತ್ತೆಂದು ತೀರ್ಪುಗಾರರು ಹೊಗಳಿ, ಮೊದಲ ಬಹುಮಾನದ ಫಲಕವನ್ನು ಅವನ ಕೈಗಿತ್ತು ಫೋಟೊ ತೆಗೆಸಿದರು. ಅಷ್ಟು ಹೊತ್ತಿಗೆ ಅವನಿಗೆ ಎಲ್ಲ ಅರ್ಥವಾಗಿತ್ತು.

ಇಳಿದು ಬಂದವನು ಕಚೇರಿಯ ಬಾಗಿಲ ಮುಂದೆಯೇ ಹಾದುಹೋದ, ನಿಲ್ಲಲಿಲ್ಲ. ಒಳಗೆ ಹೋದರೆ ಮಗಳ ಹೆಸರು ಹೇಳಬೇಕಿತ್ತು. ಸೀಟು ಹೋಯಿತೆಂದು ಮಮತಾಳಿಗೆ ಕೂತಲ್ಲೇ ತಿಳಿಯಿತು. ಆದರೂ ಏಳಲಿಲ್ಲ.

ಗೇಟಿನ ಬಳಿಯ ನಲ್ಲಿಯಲ್ಲಿ ಎರಡನೆಯ ಬಹುಮಾನದ ಹುಡುಗ ಹಲ್ಲಿನ ಮಸಿ ತೊಳೆಯುತ್ತಿದ್ದ. ಅವನು ಬಾಯಿ ಮುಕ್ಕಳಿಸಿ ಮುಗಿಸುವವರೆಗೆ ಕೆರಿಯ ಕಾದು ನಿಂತ.

“ಇದು ನಿಂಗೆ ಸೇರ್ಬೇಕಾದ್ದು ತಮಾ,” ಎಂದು ಫಲಕವನ್ನು ಅವನ ಒದ್ದೆ ಕೈಯಲ್ಲಿಟ್ಟ. “ವೇಷ ಹಾಕ್ದವ ನೀನು.”