ಮುತ್ತಮ್ಮನ ಲಿಲ್ಲಿ ಗೆಡ್ಡೆ

ಪಕ್ಕದ ಮನೆಯ ಅಣ್ಣಮ್ಮ ಅರ್ಚನಾಳ ಕೈಯಿಂದ ಗುದ್ದಲಿ ಕಿತ್ತುಕೊಂಡೇಬಿಟ್ಟಳು.

"ಬುದ್ಧಿ ಐತೇನೆ ನಿಂಗೆ? ಅವ್ವನ್ನ ಜಗಲೀಲಿ ಕೂರ್ಸಿದಾರೆ, ನೀನು ಅಂಗಳ ಅಗೀತಾ ಇದೀಯಲ್ಲ!"

ಜಗಲಿಯ ಕುರ್ಚಿಯಲ್ಲಿ, ಕೊರಳ ತುಂಬ ಸೇವಂತಿಗೆ ಹಾರ ಹಾಕಿಸಿಕೊಂಡು, ಬೆಳಗಿನ ಜಾವ ತೀರಿಕೊಂಡ ಮುತ್ತಮ್ಮ ಅಂಗಳಕ್ಕೆ ಮುಖ ಮಾಡಿ ಕೂತಿದ್ದಳು.

"ಅವ್ವನ ಲಿಲ್ಲಿ ಗೆಡ್ಡೆ, ದೊಡ್ಡಮ್ಮ," ಎಂದಳು ಮಗಳು ಅರ್ಚನಾ. "ಎಸ್ಟೇಟ್‌ನೋರು ಈ ಲೈನ್ ಮನೇನ ಬೇರೆಯವ್ರಿಗೆ ಕೊಡ್ತಾರಂತೆ. ಬೈಕ್ ನಿಲ್ಸಕ್ಕೆ ಅಂಗಳಕ್ಕೆಲ್ಲ ಸಿಮೆಂಟ್ ಹಾಕ್ತಾರಂತೆ. ಇವತ್ತು ತಗೊಂಡ್ರೆ ಉಂಟು."

"ತಗೊಂಡು ಏನ್ಮಾಡ್ತಿ? ಹೀಗೆ ಎಲ್ಲರ ಕಣ್ಣೆದುರು ತಗೊಂಡ್ರೆ ಹೂ ಬಿಡುತ್ತೇನೆ? ನಿಮ್ಮವ್ವ ಹೇಳಿ ಹೇಳಿ ಸಾಕಾಗಿದ್ಲು."

*

ತೋಟದ ಕೂಲಿಯವರ ಸಾಲುಮನೆಗಳ ಈ ಲೈನಿನ ಹೆಂಗಸರದೊಂದು ಕಟ್ಟುನಿಟ್ಟು. ಗೆಡ್ಡೆಯನ್ನು ಕೇಳಬಾರದು, ಕೊಡಬಾರದು. ಕದಿಯಬೇಕು; ಕದ್ದದ್ದು ಮಾತ್ರ ಹೂ ಬಿಡುತ್ತದೆ. ಕಂಡರೂ ಮನೆಯವಳು ಪಾತ್ರೆ ತಿಕ್ಕುತ್ತ ಆ ಕಡೆ ತಿರುಗಿಕೊಳ್ಳಬೇಕು. ದೀಪಾವಳಿ ಕಳೆದ ಮೇಲೆ ನೆಟ್ಟರೆ, ಹೂಮಳೆಗೆ ಕಾಫಿ ತೋಟ ಬೆಳ್ಳಗಾಗುವ ಹೊತ್ತಿಗೆ ಅಂಗಳ ಕೆಂಪಾಗಬೇಕು. ಈ ವಿದ್ಯೆಯಲ್ಲಿ ಮುತ್ತಮ್ಮನನ್ನು ಮೀರಿಸಿದವರು ಆಲ್ದೂರಿನವರೆಗೂ ಯಾರೂ ಇರಲಿಲ್ಲ.

ಮಗಳು ಮಾತ್ರ ಮೂಡಿಗೆರೆಯಲ್ಲಿ ಪೊಲೀಸ್. ಅವಳು ನೇರವಾಗಿ ಕೇಳಿದಳು, ಅವ್ವ ಕೈಯಾರೆ ಕೊಟ್ಟಳು. ಕ್ವಾರ್ಟರ್ಸಿನ ಬಾಗಿಲಲ್ಲಿ ಬರೀ ಎಲೆ ಬಂತು. ಮರುವರ್ಷವೂ ಅಷ್ಟೇ.

"ಕಳ್ಳರನ್ನ ಹಿಡಿದು ಹಿಡಿದು ನಿನ್ನ ಕೈ ಕೆಟ್ಟೋಗಿದೆ ಮಾರಾಯ್ತಿ!" ಮುತ್ತಮ್ಮ ನಕ್ಕಿದ್ದಳು. "ಒಂದ್ಸಲ ಕದಿಯೇ. ನಾ ಆ ಕಡೆ ನೋಡ್ತೀನಿ."

"ಥೂ, ಹೋಗವ್ವ!"

*

"ಈಗ ಯಾರ ಹತ್ರ ಕದೀಲಿ ದೊಡ್ಡಮ್ಮ? ಆ ಕಡೆ ತಿರುಗಕ್ಕೆ ಅವ್ವನೇ ಇಲ್ವಲ್ಲ!"

ಬೆಳಗಿನಿಂದ ಅಳದಿದ್ದ ಅರ್ಚನಾ ಗೊಳೋ ಎಂದು ಅತ್ತಳು.

ಚಟ್ಟಕ್ಕೆ ಬಿದಿರು ಕಟ್ಟುತ್ತಿದ್ದ ಮುತ್ತಮ್ಮನ ತಮ್ಮ ಗುರುವಯ್ಯ ತಲೆಯೆತ್ತಿದ. "ಬೇಗ ಮುಗಿಸ್ರವ್ವ. ಗುಂಡಿ ತೆಗೆದಾಯ್ತು."

"ನೀನು ಸುಮ್ನಿರು ಮಾರಾಯ. ನಿಮ್ಮಕ್ಕ ಇನ್ನೂ ಮನೇಲೇ ಇದಾಳೆ. ಗೆಡ್ಡೆ ಇನ್ನೂ ಅವಳದ್ದೇ." ಅಣ್ಣಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿ ಜಗಲಿ ಹತ್ತಿದಳು. "ಬಾ, ಆ ಕಡೆ ಹಿಡಿ."

ಗುರುವಯ್ಯ ಅರ್ಚನಾಳನ್ನು ನೋಡಿದ. ಎದ್ದು ಬಂದು ಕುರ್ಚಿ ಹಿಡಿದ. ಇಬ್ಬರೂ ಸೇರಿ ಅದನ್ನು ಮೆಲ್ಲಗೆ ಎತ್ತಿ, ಮುತ್ತಮ್ಮನ ಮುಖ ಗೋಡೆಯ ಕಡೆ ಬರುವಂತೆ ತಿರುಗಿಸಿ ಇಟ್ಟರು. ಅಣ್ಣಮ್ಮ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತಳು.

"ಈ ಸಲ ಚಳಿ ಬೇಗ ಬಂತು ಅಲ್ವೇನೆ ಮುತ್ತಮ್ಮ?" ಎಂದು ಗಟ್ಟಿಯಾಗಿ ಮಾತು ತೆಗೆದಳು.

ಅಂಗಳದ ಹೆಂಗಸರೂ ಒಬ್ಬೊಬ್ಬರಾಗಿ ಆ ಕಡೆ ತಿರುಗಿದರು. ಅರ್ಚನಾ ಗುದ್ದಲಿ ಮುಟ್ಟಲಿಲ್ಲ. ಅತ್ತ ಇತ್ತ ನೋಡಿ, ಬೆರಳಲ್ಲೇ ಮಣ್ಣು ಕೆದಕಿ, ಗೆಡ್ಡೆಯೊಂದನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು.