ಬಾಗಿಲ ಒಳಮೈ

ನೀಲಿ ಇನ್ನೂ ಸ್ವಲ್ಪ ಹಳೆಯದಾಗಬೇಕಿತ್ತು. ಹಳೆಯ ಕದವೊಂದರ ಮೇಲೆ ಕಳೆದ ಭಾನುವಾರವಷ್ಟೇ ಬರೆದ ಕಡಲನ್ನು ದಿನಕರ ಉಪ್ಪುಕಾಗದದಿಂದ ಉಜ್ಜುತ್ತಿದ್ದ. ಹೊನ್ನಾವರದ ರೆಸಾರ್ಟಿನ ಮ್ಯಾನೇಜರ್ ಹರೀಶ ಫೋನಿನಲ್ಲಿ ಸ್ಪಷ್ಟವಾಗಿ ಹೇಳಿದ್ದ: ಮರವೂ ಹಳೆಯದಿರಬೇಕು, ಸಮುದ್ರವೂ ಹಳೆಯದಿರಬೇಕು. ಗೋಡೆಯ ಮೇಲೆ ಅದನ್ನು ನೋಡಿದವರಿಗೆ ನೆಮ್ಮದಿ ಆಗಬೇಕು.

ವಾರದಲ್ಲಿ ಆರು ದಿನ ದಿನಕರ ಸರ್ವೆಯರ್. ಹೆದ್ದಾರಿ ಅಗಲವಾಗುವಾಗ ಯಾರ ಮನೆ ಎಷ್ಟು ಅಡಿ ಹೋಗುತ್ತದೆಂದು ಅಳೆದು ಗೋಡೆಯ ಮೇಲೆ ಕೆಂಪು ನಂಬರು ಬರೆಯುತ್ತಾನೆ. ಭಾನುವಾರ ಕುಮಟಾದ ಬಾಡಿಗೆ ಮನೆಯ ಅಂಗಳದಲ್ಲಿ, ಕೆಡವಿದ ಮನೆಗಳ ಹಲಗೆ, ಕದಗಳ ಮೇಲೆ ಚಿತ್ರ ಬರೆಯುತ್ತಾನೆ. ಎರಡಕ್ಕೂ ಸಂಬಂಧವಿದೆ ಎಂದು ಅವನಿಗೆ ಅನ್ನಿಸಿಲ್ಲ. ಕೆಂಪು ಸರಕಾರದ್ದು, ನೀಲಿ ತನ್ನದು.

"ಯಾರೋ ಬಂದಿದಾರೆ ನೋಡಿ," ಅಡಿಗೆಮನೆಯ ಕಿಟಕಿಯಿಂದ ಹೆಂಡತಿ ಜಯಂತಿ ಹೇಳಿದಳು.

ಗೇಟಿನ ಬಳಿ ಅರವತ್ತು ದಾಟಿದ ಹೆಂಗಸು. ಕಂಕುಳಲ್ಲಿ ಖಾಲಿ ಮೀನುಬುಟ್ಟಿ.

"ನಾನು ಮಾಸ್ತಮ್ಮ. ಧಾರೇಶ್ವರದಲ್ಲಿ ರಸ್ತೆ ಬದಿ ಮನೆ ಇತ್ತು. ನನ್ನ ಬಾಗಿಲು ಇಲ್ಲಿ ಉಂಟಂತೆ."

"ಇದು ಭಟ್ಕಳದ ಗುಜರಿಯಿಂದ ತಂದದ್ದು," ಅಂದ ದಿನಕರ. ತಾನು ಕದ್ದಿಲ್ಲ ಎಂದು ಹೇಳುವ ಅವಸರ ದನಿಯಲ್ಲಿತ್ತು.

"ಅಲ್ಲಿಗೂ ಹೋಗಿ ಬಂದೆ. ಅವ್ರೇ ಹೇಳಿದ್ರು." ಅವಳು ಬಾಗಿಲನ್ನು ನೋಡಲಿಲ್ಲ, ಅವನ ಮುಖ ನೋಡಿದಳು. "ಗೋಡೆ ಮೇಲೆ ನಂಬರು ಬರ್ದವ ನೀನೇ ಅಲ್ದಾ ತಮಾ? ಅಕ್ಷರ ಚಲೋ ಇತ್ತು."

ದಿನಕರ ನೆನಪು ಮಾಡಿಕೊಳ್ಳಲು ನೋಡಿದ. ನಂಬರು ನೆನಪಿಗೆ ಬರಲಿಲ್ಲ. ಮನೆಯೂ ಬರಲಿಲ್ಲ.

"ಬಾಗಿಲು ವಾಪಸ್ ಬೇಕಾ?"

"ತಕಂಡು ಎಂತ ಮಾಡ್ಲಿ? ಈಗ ಇರೂದು ಮಗಳ ಮನೇಲಿ. ಅಲ್ಲಿ ಬಾಗಿಲು ಉಂಟು."

"ಮತ್ತೆ?"

ಸೊಂಟದ ಗಂಟಿನಿಂದ ಅವಳು ಉದ್ದನೆಯ ಬೀಗದ ಕೈ ತೆಗೆದಳು. "ಆ ದಿವ್ಸ ಗಡಿಬಿಡಿಲಿ ಬೀಗ ಹಾಕೂದು ಮರ್ತೋಯ್ತು. ಎಂಟು ತಿಂಗ್ಳಾತು. ಮಲಗಿದ್ರೆ ಅದೇ ಚಿಂತೆ, ತೆರ್ದೇ ಬಿಟ್ಟು ಬಂದೆ ಅಂತ."

ದಿನಕರ ಓದಿದವನು. "ಮನೆಯೇ ಇಲ್ವಲ್ಲ ಅಮ್ಮಾ," ಎಂದು ವಿವರಿಸಿದ.

"ಅದು ನಂಗೂ ಗೊತ್ತು," ಅಂದಳು ಮಾಸ್ತಮ್ಮ, ಮಗುವಿಗೆ ಹೇಳುವ ಹಾಗೆ. "ನೀನು ಬಣ್ಣ ಬಳ್ದದ್ದು ಒಳಬದಿಗೆ. ಬೀಗ ಹೊರಗಿಂದ ಹಾಕ್ಬೇಕು. ಸ್ವಲ್ಪ ಎತ್ತಿ ಹಿಡಿ."

ಯಾವುದು ಒಳಗು, ಯಾವುದು ಹೊರಗು ಎಂದು ಅವನು ಯೋಚಿಸಿಯೇ ಇರಲಿಲ್ಲ. ನುಣುಪಾಗಿದ್ದ ಕಡೆ ಬಳಿದಿದ್ದ, ಅಷ್ಟೆ. ಗೋಡೆಗೊರಗಿದ್ದ ಕದವನ್ನು ಅಂಗಳದ ನಡುವೆ ನಿಲ್ಲಿಸಿ ಎರಡೂ ಕೈಯಿಂದ ಹಿಡಿದುಕೊಂಡ. ಮೂಗಿನ ಮುಂದೆ ತನ್ನದೇ ಕಡಲು. ಅದರಾಚೆ ಅವಳ ಹೆಜ್ಜೆ ಸಪ್ಪಳ.

"ಒಳಗೆ ಯಾರಾದ್ರೂ ಇದ್ರಾ?" ಆಚೆಯಿಂದ ಕೇಳಿದಳು. ಮನೆ ಬಿಟ್ಟು ಹೊರಡುವಾಗ ದಿನವೂ ಕೇಳಿ ರೂಢಿಯಾದ ದನಿ.

ದಿನಕರ ಬಾಯಿ ತೆರೆದ. ಇದ್ದೇನೆ ಎಂದರೆ ಹುಚ್ಚು. ಇಲ್ಲ ಎನ್ನುವುದಕ್ಕೂ ಯಾರಾದರೂ ಇರಬೇಕು. ನಕ್ಕುಬಿಡೋಣ ಅನ್ನಿಸಿತು. ಬಾಯಿ ಮುಚ್ಚಿ ಕದವನ್ನು ಇನ್ನಷ್ಟು ಬಿಗಿಹಿಡಿದ. ಉಜ್ಜಿದ ನೀಲಿಪುಡಿ ಅಂಗೈಯ ಬೆವರಿಗೆ ಅಂಟಿತು.

ಅವಳು ಕೊಂಚ ಕಾದಳು. ಆಮೇಲೆ ಕಟಕ್ ಎಂದಿತು. ಕದದಲ್ಲೇ ಕೂರಿಸಿದ್ದ ಬೀಗದ ನಾಲಿಗೆ ಬರಿಯ ಗಾಳಿಯೊಳಗೆ ಚಾಚಿಕೊಂಡಿತು. ಸರಿಯಾಗಿ ಬಿದ್ದಿದೆಯೋ ಎಂದು ಮಾಸ್ತಮ್ಮ ಒಮ್ಮೆ ಜಗ್ಗಿ ನೋಡಿದಳು. ದಿನಕರ ಬಾಗಿಲ ಸಮೇತ ಮುಗ್ಗರಿಸಿದ.

"ಆತು. ಬರ್ತೆ ತಮಾ."

"ಚಾ ಕುಡ್ಕೊಂಡು ಹೋಗಿ."

"ಬೇಡ. ನಿದ್ದೆ ಬರ್ತಾ ಉಂಟು." ಆಕಳಿಸುತ್ತಲೇ ಗೇಟು ದಾಟಿ ಹೋದಳು.

"ಯಾರದು?" ಜಯಂತಿ ಕೇಳಿದಳು.

"ಯಾರೂ ಅಲ್ಲ. ಬಾಗಿಲಿಗೆ ಬಂದಿದ್ರು."

"ತಕೊಂಡ್ರಾ?"

"ಇಲ್ಲ. ಹಾಕಿ ಹೋದ್ರು."

ಜಯಂತಿ ಮುಂದೆ ಕೇಳಲಿಲ್ಲ. ಇತ್ತೀಚೆಗೆ ಅವಳು ಯಾವುದನ್ನೂ ಎರಡು ಪ್ರಶ್ನೆಗಿಂತ ಆಚೆ ಕೇಳುತ್ತಿರಲಿಲ್ಲ.

ಮಧ್ಯಾಹ್ನ ದಿನಕರ ಟೆಂಪೋದಲ್ಲಿ ಬಾಗಿಲನ್ನು ಹೊನ್ನಾವರದ ರೆಸಾರ್ಟಿಗೆ ಒಯ್ದ. ಊಟದ ಕೋಣೆಯ ಪಕ್ಕದ ಕಾರಿಡಾರಿನಲ್ಲಿ, ಬೋಳುಗೋಡೆಗೆ, ಎಂಟು ಸ್ಕ್ರೂ ಹೊಡೆದು ಕೂರಿಸಿದರು.

"ಎಷ್ಟು ಹಳೇದು ಸಾರ್?" ಹರೀಶ ಕೇಳಿದ.

"ಕಡಲಾ, ಬಾಗಿಲಾ?"

ಹರೀಶ ನಕ್ಕ. ಬದಿಗೆ ಚಾಚಿದ್ದ ಕಬ್ಬಿಣವನ್ನು ಬೆರಳಿಂದ ಒತ್ತಿದ. "ಇದು ಒಳಗೆ ಹೋಗೂದಿಲ್ವಾ?"

"ಬೀಗದ ಕೈ ಬೇರೆಯವ್ರ ಹತ್ರ ಉಂಟು."

"ಇರ್ಲಿ. ಒರಿಜಿನಲ್ ಅನ್ನಿಸ್ತದೆ."

ದಿನಕರ ಕೈ ತೊಳೆಯಲು ಹೋದ. ಎಷ್ಟು ತಿಕ್ಕಿದರೂ ನೀಲಿ ಬಿಡಲಿಲ್ಲ. ತಿರುಗಿ ಬಂದಾಗ ಬಾಗಿಲ ಮುಂದೆ ಚಡ್ಡಿ ತೊಟ್ಟ ಅತಿಥಿಯೊಬ್ಬ ನಿಂತಿದ್ದ. ಹೆಗಲಲ್ಲಿ ಟವೆಲ್. ಬಾಗಿಲ ಬಳೆ ಹಿಡಿದು ಎಳೆದ. ಅದು ತೆರೆಯಲಿಲ್ಲ. ಮರ್ಯಾದಸ್ಥ, ಒಂದು ಹೆಜ್ಜೆ ಹಿಂದೆ ಸರಿದು ಕಾಯತೊಡಗಿದ.

ಸೋಪಿನ ಡಬ್ಬಿ ಹಿಡಿದ ಹೆಂಗಸೊಬ್ಬಳು ಬಂದಳು. "ಬಾತ್‌ರೂಮಾ?"

"ಇರಬೇಕು. ತುಂಬ ಹೊತ್ತಾಯ್ತು."

ಅವಳು ಅವನ ಹಿಂದೆ ನಿಂತಳು.

ಇದು ಚಿತ್ರ ಎಂದು ಹೇಳಲು ದಿನಕರ ಹತ್ತಿರ ಹೋದ. ತಟ್ಟನೆ ಹೊಳೆಯಿತು: ಕಡಲಿರುವುದು ಬಾಗಿಲ ಒಳಮೈಯ ಮೇಲೆ. ಇವರಿಬ್ಬರೂ ನಿಂತಿರುವುದು ಒಳಗೆ, ಬೀಗ ಬಿದ್ದಿರುವುದು ಹೊರಗಿನಿಂದ.

"ನೀವೂನಾ?" ಹೆಂಗಸು ತಿರುಗಿ ಕೇಳಿದಳು.

ದಿನಕರ ಹೂಂಗುಟ್ಟಿದ. ಅವಳು ಸ್ವಲ್ಪ ಮುಂದೆ ಸರಿದು ಜಾಗ ಮಾಡಿಕೊಟ್ಟಳು. ಅವನು ಅವಳ ಹಿಂದೆ ನಿಂತುಕೊಂಡ. ಅವನ ಬೆನ್ನ ಹಿಂದೆ ಇನ್ಯಾರೋ ಬಂದು ನಿಂತ ಸಪ್ಪಳವಾಯಿತು.