ಸೈರನ್ ಕಟ್ಟಿದ ಮೂವತ್ತು ಕಾರ್ಡು

“ಮಗಳನ್ನ ಕೊಡ್ತೀನಿ. ಕುರ್ಚಿ ಕೊಡಲ್ಲ,” ಎಂದಳು ಅಮ್ಮ.

ಮದುವೆಯ ಮಾತು ಆಗಷ್ಟೇ ಮುಗಿದಿತ್ತು. ಅಕ್ಕ ಮೆಚ್ಚಿದ ಹುಡುಗ ಆಂಬುಲೆನ್ಸ್ ಓಡಿಸುತ್ತಿದ್ದ. ಬಾಯಿ ತೆರೆದರೆ ಬೀದಿಯ ಕೊನೆಯವರೆಗೂ ಕೇಳುತ್ತಿತ್ತಾದ್ದರಿಂದ ಅಮ್ಮ ಮೊದಲ ಭೇಟಿಯಲ್ಲೇ ಅವನಿಗೆ ಸೈರನ್ ಎಂದು ಹೆಸರಿಟ್ಟಿದ್ದಳು. ಅವನು ಅದನ್ನು ಬಿರುದಿನಂತೆ ಹೊತ್ತುಕೊಂಡಿದ್ದ. ಮದುವೆಗೆ ಅಮ್ಮ ಒಂದು ಪ್ರಶ್ನೆಯನ್ನೂ ಕೇಳದೆ ಒಪ್ಪಿದಳು. ಆ ಧೈರ್ಯದಲ್ಲಿ ಅವನು, “ಹಾಗಾದ್ರೆ ಈ ಭಾನುವಾರದಿಂದ ನಾನೂ ಆಟಕ್ಕೆ ಕೂತ್ಕೋಬಹುದಾ?” ಎಂದು ಕೇಳಿಬಿಟ್ಟಿದ್ದ.

ನಮ್ಮದು ಮಾತು ಕಡಿಮೆಯ ಮನೆ. ಅಮ್ಮ ಮುಂದಿನ ಕೋಣೆಯ ಲ್ಯಾಬಿನಲ್ಲಿ ಕೃತಕ ಹಲ್ಲು ತಯಾರಿಸುತ್ತಾಳೆ. ಅಕ್ಕ ಸರ್ವೆಯವಳು, ದಿನವಿಡೀ ಬಯಲಿನಲ್ಲಿ ನಿಂತು ಇನ್ನೊಬ್ಬರ ಜಮೀನು ಅಳೆಯುತ್ತಾಳೆ. ನಾನು ತತ್ವಶಾಸ್ತ್ರದಲ್ಲಿ ಪದವಿ ಪಡೆದು, ಸದ್ಯಕ್ಕೆ ಅಮ್ಮನ ಹಲ್ಲುಗಳಿಗೆ ಹೊಳಪು ಕೊಡುತ್ತೇನೆ. ಬಾಯಿಗಳಿಗೇನೂ ನಮ್ಮಲ್ಲಿ ಬರವಿಲ್ಲ, ಕಪಾಟಿನ ತುಂಬ ಪ್ಲಾಸ್ಟರಿನ ದವಡೆಗಳು ಸಾಲಾಗಿ ಕೂತಿವೆ. ಮಾತಾಡುವವರು ಮಾತ್ರ ಇಲ್ಲ. ಊಟದ ಹೊತ್ತಿಗೆ ಚಮಚದ ಸದ್ದು ಕೇಳಿಸಿದರೆ ಎಲ್ಲರೂ ಇದ್ದಾರೆಂದು ಅರ್ಥ.

ಭಾನುವಾರ ಮಧ್ಯಾಹ್ನ ಮಾತ್ರ ಬೇರೆ. ಲ್ಯಾಬಿನ ಮೇಜನ್ನು ಒರೆಸಿ ಅಮ್ಮ ‘ಕರಿನೀರ ಬಂದರು’ ಎಂಬ ಆಟದ ಪೆಟ್ಟಿಗೆ ತೆರೆಯುತ್ತಾಳೆ. ಮಂಜು ಮುಚ್ಚಿದ ಒಂದು ಬಂದರು ಊರು, ನೀರಿನಡಿಯಿಂದ ಮೇಲೇಳುತ್ತಿರುವ ಏನೋ ಒಂದು. ನಾವೆಲ್ಲ ತನಿಖೆಗಾರರು. ನಮ್ಮನಮ್ಮಲ್ಲಿ ಪಂದ್ಯವಿಲ್ಲ. ಎಲ್ಲರೂ ಒಂದು ಕಡೆ, ಪೆಟ್ಟಿಗೆ ಇನ್ನೊಂದು ಕಡೆ. ಸುಳಿವು ಹುಡುಕಬೇಕು, ಪಿಶಾಚಿಗಳ ಕೈಗೆ ಸಿಗಬಾರದು, ಬುದ್ಧಿ ಕೆಡಿಸಿಕೊಳ್ಳಬಾರದು, ನೀರು ಏರುವ ಮೊದಲು ಊರಿನಿಂದ ಪಾರಾಗಬೇಕು. ಆಟಕ್ಕೆ ಮುಂಚೆ ಪ್ರತಿಯೊಬ್ಬರೂ ಪೆಟ್ಟಿಗೆಯ ನೂರಾರು ಕಾರ್ಡುಗಳಲ್ಲಿ ತಮಗೆ ಬೇಕಾದ ಮೂವತ್ತನ್ನು ಆರಿಸಿಕೊಳ್ಳಬೇಕು. ಇದಕ್ಕೆ ಡೆಕ್ ಕಟ್ಟುವುದು ಎನ್ನುತ್ತಾರೆ. ಅರ್ಧ ಸೋಲು ಗೆಲುವು ಅಲ್ಲೇ ತೀರ್ಮಾನವಾಗಿರುತ್ತದೆ. ಆ ಮೇಜಿನ ಸುತ್ತ ನಾವು ಕೂಗಾಡುತ್ತೇವೆ, ಬೈದಾಡುತ್ತೇವೆ, ನಗುತ್ತೇವೆ. ವಾರದ ಉಳಿದ ದಿನಗಳ ಮಾತೂ ಅಲ್ಲೇ ಖರ್ಚಾಗುತ್ತದೆ.

ಆ ಮೇಜಿಗೆ ಅಮ್ಮನದೊಂದು ನಿಯಮವಿದೆ. ಹೊಸಬರು ಮೊದಲು ಒಂಟಿಯಾಗಿ ಒಂದು ಆಟ ಗೆಲ್ಲಬೇಕು. ಹಿಂದೊಮ್ಮೆ ಅಕ್ಕನ ಗೆಳತಿಯೊಬ್ಬಳು ಬಂದು, ಕಾರ್ಡು ಕೈಗೆತ್ತಿಕೊಂಡಾಗಲೆಲ್ಲ ಅಮ್ಮನ ಮುಖ ನೋಡುತ್ತಿದ್ದಳು. ಅವಳು ಹೋದ ಮೇಲೆ ಅಮ್ಮ, “ನಾನು ಎರಡು ಕೈಲಿ ಆಡಿದ ಹಾಗಾಯ್ತು. ನನ್ನ ಮಾತಿಗೆ ತಲೆ ಆಡ್ಸೋರು ಬೇಕಿದ್ರೆ ಗೋಡೆ ಗಡಿಯಾರ ಸಾಕು,” ಎಂದಿದ್ದಳು. ನಿಯಮ ಹುಟ್ಟಿದ್ದು ಅವತ್ತು. ಅಕ್ಕನಿಗೂ ನನಗೂ ಅದರಿಂದ ವಿನಾಯಿತಿ ಸಿಗಲಿಲ್ಲ. ಅಕ್ಕ ಗೆಲ್ಲಲು ಇಡೀ ಒಂದು ಬೇಸಿಗೆ ತೆಗೆದುಕೊಂಡಳು.

“ಅಷ್ಟೇನಾ?” ಎಂದ ಸೈರನ್. “ಈಗಲೇ ಕೊಡಿ ಅತ್ತೆ, ಕಟ್ತೀನಿ.”

ಅವನು ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು, ಒಂದೊಂದು ಕಾರ್ಡಿಗೂ ಭೇಷ್ ಎನ್ನುತ್ತ, ಚಹಾ ತಣ್ಣಗಾಗುವಷ್ಟರಲ್ಲಿ ಮೂವತ್ತನ್ನು ಆರಿಸಿದ. ಅಮ್ಮ ಒಂದು ದವಡೆಗೆ ಮೇಣ ತುಂಬುತ್ತ ಕೂತಿದ್ದಳು. ಅವನು ಮೊದಲ ಐದು ಕಾರ್ಡು ತೆಗೆದ. ಎದುರಿಗೆ ಒಂದು ಪಿಶಾಚಿ ಬಂತು. ಅವನು ಕೈಯಲ್ಲಿದ್ದುದನ್ನು ಓದಿದ, ಮತ್ತೆ ಓದಿದ.

“ಏನಿದೆ?” ಎಂದು ಅಕ್ಕ ಕೇಳಿದಳು.

“ಇದು ಜೊತೆಗಾರನ ಗಾಯಕ್ಕೆ ಪಟ್ಟಿ. ಇದು ಜೊತೆಗಾರನ್ನ ಎತ್ಕೊಂಡು ಪಕ್ಕದ ಬೀದಿಗೆ ಹೋಗೋದು. ಇದು ಜೊತೆಗಾರನಿಗೆ ಧೈರ್ಯ ಹೇಳೋದು.”

“ಜೊತೆಗಾರ ಎಲ್ಲಿ?”

ಅವನು ಮೇಜಿನ ಮೇಲೆ ಒಮ್ಮೆ ಕಣ್ಣಾಡಿಸಿದ. ನಿಜವಾಗಿಯೂ ಹುಡುಕುತ್ತಿದ್ದಾನೇನೋ ಅನ್ನಿಸಿತು.

ಅಕ್ಕ ಅವನ ಕಟ್ಟನ್ನು ಕಸಿದು ಹರಡಿದಳು. ಮೂವತ್ತರಲ್ಲಿ ಇಪ್ಪತ್ತಕ್ಕೂ ಹೆಚ್ಚು ಕಾರ್ಡುಗಳು ಬೇರೆಯವರನ್ನು ಉಳಿಸಲಿಕ್ಕೇ ಇದ್ದವು. ಸ್ಟ್ರೆಚರ್ ಕೂಡ ಇತ್ತು. ಒಬ್ಬನೇ ಆಡುವ ಆಟಕ್ಕೆ ಎರಡು ಸ್ಟ್ರೆಚರ್.

“ಊರಿಗೆ ಉಪಕಾರಿ, ಮನೆಗೆ ಮಾರಿ,” ಎಂದಳು ಅಮ್ಮ, ಮೇಣದಿಂದ ಕಣ್ಣೆತ್ತದೆ. “ಪಿಶಾಚಿಗೇ ಪಟ್ಟಿ ಕಟ್ಟು. ಕರುಣೆ ಬಂದು ಬಿಟ್ರೂ ಬಿಡಬಹುದು.”

ಸೈರನ್ ಎಲ್ಲರಿಗಿಂತ ಜೋರಾಗಿ ನಕ್ಕ. ಹೋಗುವಾಗ ಬಾಗಿಲಲ್ಲಿ ಶೂ ಹಾಕಿಕೊಳ್ಳಲು ತುಂಬ ಹೊತ್ತು ಹಿಡಿಸಿತು ಅವನಿಗೆ.

ಮರುದಿನ ಅಮ್ಮ ನನ್ನನ್ನು ಕರೆದು ಪೆಟ್ಟಿಗೆ ಕೊಟ್ಟಳು. “ತಗೊಂಡು ಹೋಗು. ಯಾವ ಕಾರ್ಡ್ ಏನು ಮಾಡುತ್ತೆ ಅಂತ ಕೇಳಿದ್ರೆ ಹೇಳು. ಯಾವುದು ಇಟ್ಕೋಬೇಕು ಅಂತ ಕೇಳಿದ್ರೆ ಎದ್ದು ಬಾ.”

ಅವನ ಗಾಡಿ ಆಸ್ಪತ್ರೆಯ ಹಿಂಬದಿಯ ಶೆಡ್ಡಿನಲ್ಲಿ ನಿಂತಿತ್ತು. ಕರೆ ಬರುವವರೆಗೆ ಬಿಡುವು. ನಾವು ಒಳಗೆ ಎದುರುಬದುರು ಕೂತು ಸ್ಟ್ರೆಚರಿನ ಮೇಲೆ ಕಾರ್ಡುಗಳನ್ನು ಹಾಸಿದೆವು. ಆಮ್ಲಜನಕದ ಸಿಲಿಂಡರು, ಗೋಡೆಗೆ ಬಿಗಿದ ಪಟ್ಟಿಗಳು, ಫಿನೈಲಿನ ವಾಸನೆ. ಅವನು ಉಪಕಾರದ ಕಾರ್ಡುಗಳನ್ನೆಲ್ಲ ತೆಗೆದೆಸೆದು ಬಂದೂಕು, ಕೊಡಲಿ, ಮದ್ದುಗುಂಡು ತುಂಬಿದ. ಅಲ್ಲೇ ಆಡಿ ನೋಡಿದ. ಬಂದೂಕು ಬಂದಾಗ ಗುಂಡಿರಲಿಲ್ಲ, ಗುಂಡು ಬಂದಾಗ ಬಂದೂಕಿರಲಿಲ್ಲ.

“ಹಲ್ಲಿದ್ರೆ ಕಡಲೆ ಇಲ್ಲ,” ಎಂದೆ.

“ನಿಮ್ಮಮ್ಮ ಹಲ್ಲು ಮಾರ್ತಾರೆ, ಕಡಲೆ ಯಾರು ಮಾರ್ತಾರೋ.”

ಕೊನೆಗೆ ಎರಡೂ ಕೂಡಿ ಬಂದವು. ಮೂರು ಪಿಶಾಚಿಗಳನ್ನು ಹೊಡೆದುರುಳಿಸಿದ. ಅಷ್ಟರಲ್ಲಿ ನೀರು ಏರಿ ಊರು ಮುಳುಗಿತ್ತು. ಅವನು ಒಂದೇ ಒಂದು ಸುಳಿವನ್ನೂ ಹುಡುಕಿರಲಿಲ್ಲ.

ಅವನು ಮುಳುಗಿದ ಊರನ್ನೇ ನೋಡುತ್ತ ಕೂತ. ಅವನು ಸುಮ್ಮನಿದ್ದುದನ್ನು ನಾನು ಅವತ್ತೇ ಮೊದಲು ನೋಡಿದ್ದು.

“ಒಂದು ಕೇಳ್ಲಾ?” ಎಂದ. “ನಿಮ್ಮನೇಲಿ ಆ ಮೇಜಿನ ಹತ್ರ ಬಿಟ್ರೆ ಬೇರೆಲ್ಲೂ ಯಾರೂ ಮಾತಾಡಲ್ಲ. ನಾನು ನೋಡಿದ್ದೀನಿ. ಅಲ್ಲಿ ಜಾಗ ಸಿಗದಿದ್ರೆ ನಾನು ಅಳಿಯ ಆಗ್ತೀನಿ, ಸರಿ. ಬಂದಾಗೆಲ್ಲ ಚಹಾ ಕೊಡ್ತೀರಿ. ಇಪ್ಪತ್ತು ವರ್ಷ ಆದ್ರೂ ಚಹಾನೇ ಕೊಡ್ತೀರಿ.”

ಅವನು ಹೇಳಿದ್ದು ನಿಜವಾಗಿತ್ತು.

ಅಷ್ಟರಲ್ಲಿ ಕರೆ ಬಂತು. ನಾನು ಕಾರ್ಡು ಬಾಚಿಕೊಂಡು ಇಳಿಯಲು ಹೋದರೆ, “ಮುಂದೆ ಕೂತ್ಕೋ, ರೋಗಿ ಇನ್ನೂ ಹತ್ತಿಲ್ಲ, ದಾರೀಲಿ ಇಳಿಸ್ತೀನಿ,” ಎಂದ. ಸಂತೆಯಂಥ ರಸ್ತೆ. ಲಾರಿ, ತಳ್ಳುಗಾಡಿ, ಅಡ್ಡ ನಿಂತ ಬಸ್ಸು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಅವನು ಗಾಡಿಯನ್ನು ತೆಗೆಯುತ್ತಿದ್ದ. ಯಾರನ್ನೂ ಬೈಯಲಿಲ್ಲ. ಬಾಯಿಯೇ ಬಿಡಲಿಲ್ಲ. ಎದುರಿಗೆ ನುಗ್ಗಿದ ಲಾರಿಯೊಂದನ್ನು ಬಳಸಿಕೊಂಡು ಮುಂದೆ ಹೋದವನು ಫಕ್ಕನೆ ನನ್ನ ಕಡೆ ತಿರುಗಿದ.

“ಹೊಡೀಬೇಕು ಅಂತ ಎಲ್ಲಾದ್ರೂ ಬರೆದಿದೆಯಾ?”

“ಯಾರನ್ನ?”

“ಪಿಶಾಚೀನ. ತಪ್ಪಿಸ್ಕೊಂಡು ಹೋಗೋ ಕಾರ್ಡ್ ಇವೆಯಾ?”

“ಇವೆ. ರಸ್ತೆ ನೋಡು.”

“ಇಷ್ಟು ದಿನ ಮಾಡ್ತಾ ಇರೋದೇ ಅದು. ಲಾರಿ ಜೊತೆ ಗುದ್ದಾಡೋಕೆ ಹೋದ್ರೆ ರೋಗಿ ಗತಿ ಏನು?”

ಆ ವಾರವೆಲ್ಲ ಅವನು ಬಿಡುವಾದಾಗಲೆಲ್ಲ ಡೆಕ್ ಕಟ್ಟಿದ, ಬಿಚ್ಚಿದ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರಿಸಿದೆ. ಬಂದೂಕು ಒಂದಕ್ಕೆ ಇಳಿಯಿತು. ಅಡ್ಡದಾರಿ, ಹೊಗೆಬಾಂಬು, ಹಗುರ ಹೆಜ್ಜೆ ಒಳಗೆ ಬಂದವು. ಸುಳಿವು ಹುಡುಕಲು ಭೂತಗನ್ನಡಿ, ದೀಪ, ಹಳೆಯ ನಕ್ಷೆ. ಬುದ್ಧಿ ಕೆಡದಂತೆ ಕಾಯಲು, ಆಟಗಾರರಲ್ಲದ ಊರವರನ್ನು ಜೊತೆಗೆ ಕರೆದುಕೊಳ್ಳುವ ಕಾರ್ಡುಗಳೂ ಇವೆ. ಹಾಗೆ ಜೊತೆಗೆ ಬಂದವರ ಮೇಲೆ ನಮಗೆ ಬೀಳುವ ಏಟನ್ನು ಹಾಕಬಹುದು, ಅವರು ಸತ್ತರೆ ಕಾರ್ಡು ಹೋಯಿತು, ನಾವು ಉಳಿದೆವು. ಅವನು ದೀಪಸ್ತಂಭದ ಕಾವಲು ಮುದುಕಿಯನ್ನು ಆರಿಸಿಕೊಂಡ. ಯಾಕೆಂದು ಕೇಳಿದ್ದಕ್ಕೆ, “ಒಬ್ಬನೇ ಗಾಡಿ ಓಡ್ಸಿ ಅಭ್ಯಾಸ ಇಲ್ಲ ಮಾರಾಯ,” ಎಂದ.

ಭಾನುವಾರ ಬಂತು. ಮೇಜಿನ ಒಂದು ಬದಿಗೆ ನನ್ನ ಕುರ್ಚಿಯಲ್ಲಿ ಅವನು, ಎದುರಿಗೆ ಅಮ್ಮ, ಕಿಟಕಿಯ ಹತ್ತಿರ ಅಕ್ಕ, ಅವಳ ಪಕ್ಕ ನಿಂತು ನಾನು.

“ನಾವು ಯಾರೂ ಬಾಯಿ ಬಿಡೋ ಹಾಗಿಲ್ಲ,” ಎಂದಳು ಅಮ್ಮ. “ಸಲಹೆ ಇಲ್ಲ, ಕೆಮ್ಮು ಇಲ್ಲ, ಹುಬ್ಬು ಏರ್ಸೋದೂ ಇಲ್ಲ.” ಕೊನೆಯದನ್ನು ಅಕ್ಕನ ಕಡೆ ನೋಡಿ ಹೇಳಿದಳು.

ಅವನು ಆಡಿದ. ಒಂದು ಮಾತಿಲ್ಲದೆ ಆಡಿದ. ಮೌನದಲ್ಲಿ ಎಷ್ಟೋ ಬಗೆ ಉಂಟು, ನಮ್ಮ ಮನೆಯ ಮೌನ ಮುಚ್ಚಿದ ಕಪಾಟಿನಂಥದು. ಅವನದು ಗಾಡಿ ಓಡಿಸುವವನ ಮೌನ, ಅದರೊಳಗೆ ಕೈಗಳು ಕೆಲಸ ಮಾಡುತ್ತಿದ್ದವು. ಹೊಗೆ ಹಾಕಿ ಮೀನುಮಾರುಕಟ್ಟೆ ದಾಟಿದ. ನಕ್ಷೆ ಹಿಡಿದು ಗೋದಾಮಿನ ಸುಳಿವು ತೆಗೆದ. ಮುದುಕಿ ಮೇಜಿನ ಮೇಲೆ ಅವನ ಪಕ್ಕದಲ್ಲೇ ಇದ್ದಳು. ಅಕ್ಕ ನನ್ನ ಮೊಣಕೈ ಹಿಂಡುತ್ತಿದ್ದಳು. ಅಮ್ಮನ ಕೈಯಲ್ಲಿದ್ದ ಹಲ್ಲಿನ ಸೆಟ್ಟು ಎಷ್ಟೋ ಹೊತ್ತಿನಿಂದ ಒಂದೇ ಕಡೆ ನಿಂತಿತ್ತು.

ಕೊನೆಯ ಸುಳಿವೂ ಸಿಕ್ಕಿತು. ಇನ್ನು ದೋಣಿ ಹತ್ತಿದರೆ ಗೆದ್ದಂತೆ. ದೋಣಿಗೆ ಮುಂಚೆ ಒಂದೇ ಓಣಿ, ಅಲ್ಲಿ ಜೌಗಿನ ಪಿಶಾಚಿ ಅಡ್ಡ ನಿಂತಿತು. ನೀರು ಏರಲು ಒಂದೇ ಸುತ್ತು ಬಾಕಿ. ಅವನ ಮುಂದಿದ್ದುದು ಎರಡು ದಾರಿ. ಪಿಶಾಚಿಯ ಏಟನ್ನು ಮುದುಕಿಯ ಮೇಲೆ ಹಾಕಿ ಸೀದಾ ದೋಣಿಗೆ ನಡೆಯಬಹುದು, ಆಗ ಗೆಲುವು ಖಚಿತ. ಇಲ್ಲವಾದರೆ ಇಬ್ಬರೂ ತಪ್ಪಿಸಿಕೊಂಡು ಹೋಗಲು ಪ್ರಯತ್ನಿಸಬಹುದು. ಅದಕ್ಕೆ ಬಟ್ಟೆಯ ಚೀಲದಿಂದ ಕಣ್ಣು ಮುಚ್ಚಿ ಒಂದು ಬಿಲ್ಲೆ ತೆಗೆಯಬೇಕು. ಬಿಳಿ ಬಂದರೆ ಪಾರು, ಕಪ್ಪು ಬಂದರೆ ಇಬ್ಬರೂ ಮುಳುಗುತ್ತಾರೆ.

ಅವನು ಮುದುಕಿಯ ಕಾರ್ಡನ್ನು ನೋಡಿದ. ಚೀಲಕ್ಕೆ ಕೈ ಚಾಚಿದ.

“ಮುದುಕಿಯನ್ನ ಬಿಡೋ,” ಎಂದಳು ಅಮ್ಮ. “ಏಟು ಅವಳಿಗೆ ಹಾಕು, ನೀನು ಹೋಗು.”

ಅವಳಿಗೇ ತಿಳಿಯದೆ ಬಂದ ಮಾತು ಅದು.

ಸೈರನ್ ತಲೆ ಎತ್ತಲಿಲ್ಲ. “ಅತ್ತೆ, ಸ್ವಲ್ಪ ಸುಮ್ನಿರಿ,” ಎಂದ, ಮೆಲ್ಲಗೆ. “ನಾನು ನೋಡ್ಕೋತೀನಿ.”

ನಮ್ಮ ಮನೆಯಲ್ಲಿ ಅಮ್ಮನಿಗೆ ಹಾಗೆ ಹೇಳಿದವರು ಅದುವರೆಗೆ ಯಾರೂ ಇರಲಿಲ್ಲ. ಅಮ್ಮ ಬಾಯಿ ಮುಚ್ಚಿಕೊಂಡಳು. ಅವನು ಚೀಲದೊಳಗೆ ಕೈ ಆಡಿಸಿ ಬಿಲ್ಲೆ ತೆಗೆದು ಮೇಜಿನ ಮೇಲಿಟ್ಟ.

ಕಪ್ಪು.

“ಹೋಯ್ತು,” ಎಂದ. ಮುದುಕಿಯ ಕಾರ್ಡನ್ನು ತನ್ನ ತನಿಖೆಗಾರನ ಕಾರ್ಡಿನ ಪಕ್ಕಕ್ಕೆ ಸರಿಸಿ ಎರಡನ್ನೂ ಮಗುಚಿದ. ಕಿವಿ ಕೆಂಪಗಾಗಿತ್ತು. “ಕ್ಷಮಿಸಿ ಅತ್ತೆ, ಹಾಗೆ ಹೇಳಬಾರದಿತ್ತು. ಚಹಾ ಕುಡ್ಕೊಂಡು ಹೊರಡ್ತೀನಿ.”

ಅಮ್ಮ ಆ ಎರಡು ಕಾರ್ಡುಗಳನ್ನು ನೋಡುತ್ತ ಕೂತಳು. ಅವಳ ಮೌನಗಳನ್ನು ಓದುತ್ತ ಬೆಳೆದವನು ನಾನು. ಇದು ಕೋಪದ್ದಲ್ಲ, ಲೆಕ್ಕ ಹಾಕುವುದರದೂ ಅಲ್ಲ. ಸಿಕ್ಕಿಬಿದ್ದವರ ಮೌನ ಅದು.

“ಇನ್ನೊಂದು ಕುರ್ಚಿ ಎಳ್ಕೊಂಡು ಬಾ,” ಎಂದಳು ನನಗೆ.

“ಅದು ಹೇಗೆ?” ಅಕ್ಕ ಎದ್ದೇಬಿಟ್ಟಳು. “ಸೋತಿದ್ದಾನೆ. ನಾನು ಇಡೀ ಬೇಸಿಗೆ ಇಲ್ಲಿ ಕೂತು ಸತ್ತಿದ್ದೀನಿ. ನನಗೊಂದು ನಿಯಮ, ನಿನ್ನ ಅಳಿಯನಿಗೊಂದಾ?”

“ನಿಯಮ ಮುರಿದಿದ್ದು ನಾನು. ಬಾಯಿ ಬಿಟ್ಟವಳು ನಾನು. ದಂಡ ಕಟ್ಟಬೇಕಲ್ಲ, ಕುರ್ಚಿ ದಂಡ.” ಅಮ್ಮ ಹಲ್ಲಿನ ಸೆಟ್ಟನ್ನು ಕೊನೆಗೂ ತಟ್ಟೆಗಿಟ್ಟಳು. “ನಿನ್ನ ಬೇಸಿಗೇಲಿ ನೀನು ಒಂದು ಸಲಾನೂ ನನ್ನ ಬಾಯಿ ಮುಚ್ಚಿಸ್ಲಿಲ್ಲ. ಅದು ನನ್ನ ತಪ್ಪಾ?”

ಅಕ್ಕ ಸಿಟ್ಟು ಮಾಡಿಕೊಳ್ಳಲು ನೋಡಿದಳು, ನಗು ಬಂತು. ಸೈರನ್ ಮಾತ್ರ ಇನ್ನೂ ಎದ್ದು ಹೊರಡುವವನಂತೆ ಅರ್ಧ ನಿಂತೇ ಇದ್ದ.

“ಕೂತ್ಕೋ,” ಎಂದಳು ಅಮ್ಮ. “ಮುದುಕಿ ಇನ್ನು ನನ್ನ ಡೆಕ್ಕಿನಲ್ಲಿರ್ತಾಳೆ. ಅವಳನ್ನ ಉಳ್ಸೋಕೆ ನಿನಗೆ ಬರಲ್ಲ.”

“ಉಳ್ಸೋಕಾ? ಅವಳನ್ನ ಕೊಲ್ಲು ಅಂದವರು ನೀವೇ.”

“ಕೊಲ್ಲು ಅನ್ಲಿಲ್ಲ, ಬಿಡು ಅಂದೆ.”

“ಪಿಶಾಚಿ ಬಾಯಿಗೆ ಬಿಡೋದಕ್ಕೂ ಕೊಲ್ಲೋದಕ್ಕೂ ಏನತ್ತೆ ವ್ಯತ್ಯಾಸ?” ದನಿ ಮೊದಲಿನ ಎತ್ತರಕ್ಕೆ ಏರಿತ್ತು. ಕಪಾಟಿನ ಗಾಜು ಸಣ್ಣಗೆ ಅದುರಿತು.

“ಮೆತ್ತಗೆ ಮಾತಾಡು, ದವಡೆಗಳು ಉದುರ್ತವೆ. ಆ ಎರಡು ಸ್ಟ್ರೆಚರ್ ಎಲ್ಲಿ? ತಗೋ, ಈಗ ಹಾಕ್ಕೋ. ಎತ್ತಿಸ್ಕೊಳ್ಳೋಕೆ ಈಗ ನಾವು ಮೂರು ಜನ ಇದ್ದೀವಿ.”

“ಮೊದಲು ಯಾರನ್ನ ಎತ್ತಬೇಕು ಅಂತ ನಾನೇ ತೀರ್ಮಾನ ಮಾಡ್ತೀನಿ.”

“ಮಾಡು. ಆಮೇಲೆ ನನ್ನ ಹತ್ರ ಬೈಸ್ಕೋ.”

ಅವರಿಬ್ಬರ ವಾದ ಮುಗಿಯುವ ಲಕ್ಷಣ ಕಾಣಲಿಲ್ಲ. ಅಕ್ಕ ಇಬ್ಬರಿಗೂ ತಿರುಗಿ ಬೈಯತೊಡಗಿದಳು. ಒಳಗಿನಿಂದ ಕುರ್ಚಿ ತಂದು ಮೇಜಿನ ಖಾಲಿ ಬದಿಗೆ ಹಾಕಿ, ನಾನು ನಾಲ್ಕು ಜನಕ್ಕೆ ಕಾರ್ಡು ಕಲಸತೊಡಗಿದೆ.